ಮೊದಲ ವೆಲ್ಡಿಂಗ್ ಮೆಷಿನ್: ಎಷ್ಟು ಆಂಪ್‌ವರೆಗೆ ಏರುತ್ತೆ ಅಂತಲ್ಲ, ಎಷ್ಟಕ್ಕೆ ಇಳಿಯುತ್ತೆ ಅಂತ ಕೇಳಿ

ಪಿಂಪಳಗಾಂವ್ ಬಸವಂತ್‌ನಿಂದ ಮಾತಾಡ್ತಾ ಇದೀನಿ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದು ಹಾಕಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಲೆಕ್ಕಗಳನ್ನೂ ಸೇರಿಸಿದ್ದೀನಿ. ಎರಡು ಮೀಟಿಂಗ್ ನಡುವೆ ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಇದನ್ನ ಓದಿದ್ರೆ ಸಾಕು.

ಹೊಸಬರಿಗೆ ಒಂದು ಮಾತು. ಪಿಂಪಳಗಾಂವ್ ಇರೋದು ನಾಶಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ, ಮುಂಬೈ–ಆಗ್ರಾ ಹೆದ್ದಾರಿ ಮೇಲೆ. ಈರುಳ್ಳಿ, ಟೊಮೆಟೊ, ದ್ರಾಕ್ಷಿ ಇಲ್ಲಿಯ ಉಸಿರು. ಹೆಂಡತಿಗೆ ಇಲ್ಲಿಯ ಬ್ಯಾಂಕಿಗೆ ವರ್ಗ ಆಯ್ತು, ನನ್ನ ಕೆಲಸ ಪುಣೆ ಕಂಪನಿಗೆ ಮನೆಯಿಂದ. ಹಾಗಾಗಿ ಕುಂದಾಪುರದ ಹುಡುಗ, ಬೆಂಗಳೂರು, ಪುಣೆ ಎಲ್ಲ ಸುತ್ತಿ ಕೊನೆಗೆ ದ್ರಾಕ್ಷಿ ತೋಟದ ಪಕ್ಕದ ಬಾಡಿಗೆ ಮನೆಯಲ್ಲಿ ಕೂತು ಕೋಡ್ ಬರೀತಾ ಇದೀನಿ. ಪುಣೆಯಲ್ಲಿ ಸಿಗದ ಒಂದು ಭಾಗ್ಯ ಇಲ್ಲಿ ಸಿಕ್ಕಿತು: ಮನೆ ಪಕ್ಕ ಒಂದು ತಗಡಿನ ಶೆಡ್.

ಆ ಶೆಡ್ಡಿನಲ್ಲಿ ನಿಂತಿರೋದು ಅಪ್ಪನ ಮಾರುತಿ 800. 2003ರ ಗಾಡಿ, ಕೆಎ-20 ನಂಬರ್. ಹದಿನೆಂಟು ವರ್ಷ ಕುಂದಾಪುರದ ಉಪ್ಪು ಗಾಳಿ, ಆರು ತಿಂಗಳ ಮಳೆ ತಿಂದ ಗಾಡಿ. ಅಪ್ಪ ಈಗ ಓಡಿಸಲ್ಲ, ಮಂಡಿ ನೋವು. ಮಾರಿಬಿಡೋಣ ಅಂತ ಒಮ್ಮೆ ಕೇಳಿದೆ. "ಓಡತ್ತಲ್ದಾ ಮಗಾ, ಮಾರೂದ್ ಎಂತಕೆ?" ಅಂದ್ರು. ಅಲ್ಲಿಗೆ ಮಾತು ಮುಗೀತು. ರಿಪೇರಿ ಮಾಡಿ ದೀಪಾವಳಿಗೆ ವಾಪಸ್ ತರ್ತೀನಿ, ಅದರಲ್ಲೇ ಕೂತು ಆನೆಗುಡ್ಡೆಗೆ ಹೋಗೋಣ ಅಂತ ಮಾತು ಕೊಟ್ಟು ಇಲ್ಲಿಗೆ ತಂದೆ.

ತಂದು, ಡ್ರೈವರ್ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ನೋಡಿದ್ರೆ ನೆಲ ಕಾಣ್ತಿತ್ತು. ಕಾರಿನ ನೆಲ ಅಲ್ಲ, ಶೆಡ್ಡಿನ ನೆಲ.

ನಾನು ಮಾಡಿದ ಮೊದಲ ತಪ್ಪು

ಹೆದ್ದಾರಿ ಬದಿಯಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರ ಇಲ್ಲ. ಟ್ರ್ಯಾಕ್ಟರ್ ಟ್ರಾಲಿ, ದ್ರಾಕ್ಷಿ ಚಪ್ಪರದ ಆಂಗಲ್, ಔಷಧಿ ಹೊಡೆಯುವ ಯಂತ್ರದ ಚೌಕಟ್ಟು, ಏನು ಬೇಕಾದ್ರೂ ನಿಂತ ನಿಲುವಲ್ಲೇ ಜೋಡಿಸಿ ಕೊಡ್ತಾರೆ. ನಾನು ಹೋಗಿ ಕಾರ್ ನೆಲ ತೋರಿಸಿದೆ. ಅಲ್ಲಿಯ ಹಿರಿಯರು ಬಗ್ಗಿ ನೋಡಿ, ತುಕ್ಕಿನ ಅಂಚನ್ನ ಉಗುರಿಂದ ಕೆರೆದು, ಒಂದೇ ಮಾತು ಹೇಳಿದ್ರು: "ಪತ್ರಾ ಜಳೂನ ಜಾಯೀಲ, ಸರ್." ತಗಡು ಸುಟ್ಟು ಹೋಗುತ್ತೆ ಅಂತ. ಅವರನ್ನ ನಾನು "ಭಾವೂ" ಅಂತ ಕರೀತೀನಿ. ಇಲ್ಲಿ ಹಾಗಂದ್ರೆ ಅಣ್ಣ, ನಮ್ಮ ಭಾವ ಅಲ್ಲ. ಮೊದಲ ವಾರ ಅದೊಂದು ಗೊಂದಲ ಇತ್ತು.

ಅವರು ಬೇಡ ಅಂದದ್ದಕ್ಕೆ ಕಾರಣ ಏನು ಅಂತ ನಾನು ಕೇಳಲಿಲ್ಲ. ಅವರ ಹತ್ರ ಸರಿಯಾದ ಮೆಷಿನ್ ಇಲ್ಲ, ನಾನೇ ತಗೋತೀನಿ ಅಂದ್ಕೊಂಡೆ. ರಾತ್ರಿ ಕೂತು ಆನ್‌ಲೈನ್‌ನಲ್ಲಿ ಒಂದು 200 ಆಂಪ್ ಇನ್ವರ್ಟರ್ ಮೆಷಿನ್ ಆರ್ಡರ್ ಮಾಡಿದೆ. ಲ್ಯಾಪ್‌ಟಾಪ್ ತಗೊಳ್ಳೋ ಬುದ್ಧಿ ನೋಡಿ: ರ‍್ಯಾಮ್ ಜಾಸ್ತಿ ಇದ್ರೆ ಒಳ್ಳೇದು, ಆಂಪ್ ಜಾಸ್ತಿ ಇದ್ರೂ ಒಳ್ಳೇದು!

ಹಳೆ ಆಂಗಲ್ ತುಂಡಿನ ಮೇಲೆ ಚೆನ್ನಾಗೇ ಬಂತು. ಧೈರ್ಯ ಬಂತು. ಕಾರಿನ ನೆಲದಲ್ಲಿ ಸಾಸಿವೆ ಕಾಳಿನಷ್ಟು ತೂತು ಇತ್ತು, ಅದಕ್ಕೆ ರಾಡ್ ಮುಟ್ಟಿಸಿದೆ. ತೂತು ಹತ್ತು ರೂಪಾಯಿ ನಾಣ್ಯದಷ್ಟಾಯ್ತು. ಅದನ್ನ ಮುಚ್ಚೋಕೆ ಹೋದೆ, ಅಂಗೈಯಷ್ಟಾಯ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮಗಳು "ಅಪ್ಪಾ, ಹಿಂದಿನ ಸೀಟಲ್ಲಿ ಹೊಗೆ" ಅಂದ್ಲು. ಕಾರ್ಪೆಟ್ ಪೂರ್ತಿ ತೆಗೆದಿರಲಿಲ್ಲ, ಮಡಚಿ ಹಿಂದಕ್ಕೆ ಸರಿಸಿದ್ದೆ ಅಷ್ಟೆ. ಅದರಡಿ ಸದ್ದು ತಡೆಯೋಕೆ ಹಚ್ಚಿರುವ ಡಾಂಬರಿನಂಥ ಪದರ ಹೊಗೆಯಾಡ್ತಾ ಇತ್ತು. ಹೆಲ್ಮೆಟ್ ಒಳಗಿಂದ ನನಗೆ ಏನೂ ಕಂಡಿರಲಿಲ್ಲ. ಪಕ್ಕದಲ್ಲಿ ಎರಡು ಬಕೆಟ್ ನೀರು ಇದ್ದದ್ದಕ್ಕೆ ಇವತ್ತು ಈ ವಿಡಿಯೋ ಮಾಡ್ತಾ ಇದೀನಿ.

ಆ ಸಂಜೆ ಮೆಷಿನ್ ಡಬ್ಬಕ್ಕೆ ತುಂಬಿಟ್ಟು, ಮೊದಲೇ ಓದಬೇಕಾಗಿದ್ದನ್ನ ಆಮೇಲೆ ಓದೋಕೆ ಶುರು ಮಾಡಿದೆ.

ಕಾರಿನ ತಗಡು ಎಷ್ಟು ದಪ್ಪ ಇರುತ್ತೆ?

ಇಡೀ ವಿಷಯದ ಬೇರು ಇಲ್ಲಿದೆ. ಕಾರಿನ ಹೊರ ತಗಡು ಸುಮಾರು 0.7ರಿಂದ 0.8 ಮಿ.ಮೀ. ಇರುತ್ತೆ. ನೆಲದ ತಗಡು ಸ್ವಲ್ಪ ದಪ್ಪ ಇರಬಹುದು, 1 ಮಿ.ಮೀ. ಆಸುಪಾಸು. ಅದೂ ಹೊಸದಾಗಿದ್ದಾಗ. ತುಕ್ಕು ತಿಂದ ಜಾಗದಲ್ಲಿ ಅದರ ಅರ್ಧ. ಟ್ರಾಲಿ ಆಂಗಲ್ 5–6 ಮಿ.ಮೀ. ಇರುತ್ತೆ. ಅಂದ್ರೆ ಭಾವೂ ದಿನಾ ಮಾಡುವ ಕೆಲಸ ಮತ್ತು ನನಗೆ ಬೇಕಾದ ಕೆಲಸ ಎರಡಕ್ಕೂ ಹೆಸರು ಒಂದೇ, ಜಾತಿ ಬೇರೆ.

ಮೆತು ಉಕ್ಕಿಗೆ ಒಂದು ಅಂದಾಜು ಲೆಕ್ಕ ಇದೆ: 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್. ಹಾಗಾದ್ರೆ 0.8 ಮಿ.ಮೀ. ತಗಡಿಗೆ 30 ಆಂಪ್ ಆಸುಪಾಸು. ನನ್ನ 200 ಆಂಪ್ ಮೆಷಿನ್ನಿನ ಗುಂಡಿ 20ರವರೆಗೆ ತಿರುಗುತ್ತೆ, ನಿಜ. ಆದ್ರೆ ಊರಲ್ಲಿ ನನಗೆ ಸಿಕ್ಕ ಅತಿ ಸಣ್ಣ ರಾಡ್ 2.5 ಮಿ.ಮೀ. ಅದು ಸರಿಯಾಗಿ ಉರಿಯೋಕೆ 60 ಆಂಪ್ ಆದ್ರೂ ಬೇಕು. ಅದಕ್ಕಿಂತ ಕಡಿಮೆ ಮಾಡಿದ್ರೆ ರಾಡ್ ತಗಡಿಗೆ ಅಂಟಿಕೊಳ್ಳುತ್ತೆ, ಜಾಸ್ತಿ ಮಾಡಿದ್ರೆ ತಗಡು ಕರಗಿ ಬೀಳುತ್ತೆ. ನಡುವೆ ಜಾಗವೇ ಇಲ್ಲ. ಇದಕ್ಕೇ ಭಾವೂ "ಜಳೂನ ಜಾಯೀಲ" ಅಂದದ್ದು.

ಆದ್ದರಿಂದ ಇವತ್ತಿನ ಮಾತಿನ ಸಾರ ಒಂದೇ ಸಾಲು: ಕಾರಿನ ಕೆಲಸಕ್ಕೆ ಮೆಷಿನ್ ನೋಡುವಾಗ ಅದು ಎಷ್ಟು ಆಂಪ್‌ವರೆಗೆ ಏರುತ್ತೆ ಅಂತ ಕೇಳಬೇಡಿ. ಎಷ್ಟು ಆಂಪ್‌ಗೆ ಇಳಿದು, ಅಲ್ಲಿ ನೆಮ್ಮದಿಯಾಗಿ ಉರಿಯುತ್ತೆ ಅಂತ ಕೇಳಿ.

ಯಾವ ಜಾತಿ ಮೆಷಿನ್?

*ರಾಡ್ ಮೆಷಿನ್, ಅಂದ್ರೆ ಆರ್ಕ್ ವೆಲ್ಡಿಂಗ್.* ಎಲ್ಲಕ್ಕಿಂತ ಅಗ್ಗ, ಗ್ಯಾಸ್ ಬೇಡ, ಗಾಳಿಯಲ್ಲೂ ನಡೆಯುತ್ತೆ. ಗೇಟು, ಮೇಜು, ಚಪ್ಪರ, ಟ್ರಾಲಿ ಮಾಡೋಕೆ ಇದೇ ರಾಜ. ಕಾರಿನ ತಗಡಿಗೆ ಬೇಡ. ಪಳಗಿದ ಕೈಗೆ ಸಣ್ಣ ರಾಡಿನಲ್ಲಿ ಸಾಧ್ಯ ಆಗಬಹುದು. ನಿಮ್ಮ, ನನ್ನ ಕೈಗೆ ಅಲ್ಲ.

*ಗ್ಯಾಸ್ ವೆಲ್ಡಿಂಗ್.* ಹಳೆಯ ಟಿಂಕರಿಂಗ್ ಅಂಗಡಿಗಳಲ್ಲಿ ಆಕ್ಸಿಜನ್, ಅಸಿಟಿಲೀನ್ ಸಿಲಿಂಡರ್ ಜೋಡಿ ನೋಡಿರ್ತೀರಿ. ಬೆಂಕಿ ಒಂದು ಚುಕ್ಕೆಯಲ್ಲಿ ನಿಲ್ಲಲ್ಲ, ಸುತ್ತ ಹರಡುತ್ತೆ, ತಗಡು ಹಪ್ಪಳದ ಹಾಗೆ ಡೊಂಕಾಗುತ್ತೆ. ಅದನ್ನ ತಟ್ಟಿ ಸರಿ ಮಾಡೋ ವಿದ್ಯೆ ಆ ಮೇಸ್ತ್ರಿಗಳಿಗೆ ಗೊತ್ತು. ಅಸಿಟಿಲೀನ್ ಸಿಲಿಂಡರನ್ನ ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳೋ ಯೋಚನೆ ಬಿಟ್ಟುಬಿಡಿ.

*ಟಿಗ್.* ಅಂದವಾದ ಬೆಸುಗೆ, ತೆಳು ತಗಡಿಗೂ ಆಗುತ್ತೆ. ಆದ್ರೆ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಫಿಲ್ಲರ್ ತಂತಿ, ಎಷ್ಟೋ ಮೆಷಿನ್ನಿನಲ್ಲಿ ಕಾಲಡಿ ಪೆಡಲ್ ಬೇರೆ. ತಗಡು ಕನ್ನಡಿಯಷ್ಟು ಶುಚಿ ಇರಬೇಕು. ಕಾರಿನಡಿ ಅಂಗಾತ ಮಲಗಿ, ಮುಖದ ಮೇಲೆ ಮಣ್ಣು ಉದುರ್ತಿರುವಾಗ ಇದೆಲ್ಲ ನಡೆಯಲ್ಲ. ಮೊದಲ ಮೆಷಿನ್ ಇದಲ್ಲ.

*ಮಿಗ್.* ಇಲ್ಲೊಂದು ತಮಾಷೆ. ನಮ್ಮೂರಿಂದ ನಾಶಿಕ್ ಕಡೆ ಹೊರಟ್ರೆ ದಾರಿಯಲ್ಲಿ ಓಝರ್ ಸಿಗುತ್ತೆ, ಎಚ್‌ಎಎಲ್ ವಿಮಾನ ಕಾರ್ಖಾನೆ ಇರುವ ಊರು. 1964ರಲ್ಲಿ ಅದು ಶುರುವಾದದ್ದೇ ಮಿಗ್-21 ಯುದ್ಧವಿಮಾನ ಕಟ್ಟೋಕೆ. ಹಾಗಾಗಿ "ಮಿಗ್ ತಗೋಬೇಕು" ಅಂದಾಗ ಅಕ್ಕಪಕ್ಕದವರು ನಕ್ಕರು. ನಮ್ಮ ಮಿಗ್ ಅಂದ್ರೆ ಮೆಟಲ್ ಇನರ್ಟ್ ಗ್ಯಾಸ್. ಮೆಷಿನ್ ಒಳಗೆ ತಂತಿಯ ಸುರುಳಿ ಇರುತ್ತೆ. ಟ್ರಿಗರ್ ಒತ್ತಿದ್ರೆ ತಂತಿ ತಾನೇ ಮುಂದೆ ಬರುತ್ತೆ, ಸುತ್ತ ಗ್ಯಾಸ್ ಹರಿದು ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತೆ. ಬರೀ ಕಾರ್ಬನ್ ಡೈಆಕ್ಸೈಡ್ ಬಳಸೋದ್ರಿಂದ ನಮ್ಮ ವರ್ಕ್‌ಶಾಪ್‌ಗಳಲ್ಲಿ ಇದನ್ನೇ "ಸಿಒ2 ವೆಲ್ಡಿಂಗ್" ಅಂತಾರೆ. 0.6 ಅಥವಾ 0.8 ಮಿ.ಮೀ. ತಂತಿ ಹಾಕಿದ್ರೆ 30 ಆಂಪ್‌ನಲ್ಲೂ ಸಮಾಧಾನವಾಗಿ ಉರಿಯುತ್ತೆ. ಒಂದು ಸೆಕೆಂಡ್ ಒತ್ತು, ಬಿಡು, ನೋಡು. ಕಲಿಯುವವನಿಗೆ ಇದಕ್ಕಿಂತ ದಯೆಯುಳ್ಳ ವಿಧಾನ ಇಲ್ಲ.

*ಗ್ಯಾಸ್ ಇಲ್ಲದ ಮಿಗ್, ಅಂದ್ರೆ ಫ್ಲಕ್ಸ್ ತಂತಿ.* ತಂತಿಯ ಹೊಟ್ಟೆಯಲ್ಲೇ ಫ್ಲಕ್ಸ್ ಪುಡಿ ಇರುತ್ತೆ, ಸಿಲಿಂಡರ್ ಬೇಡ. ಜಾಹೀರಾತಿನಲ್ಲಿ ಎಲ್ಲರನ್ನೂ ಸೆಳೆಯೋದು ಇದೇ. ಬಯಲಲ್ಲಿ, 2 ಮಿ.ಮೀ. ಮೇಲಿನ ಕೆಲಸಕ್ಕೆ ಚೆನ್ನಾಗಿದೆ. 0.8 ತಗಡಿಗೆ ಇದರ ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಮೇಲೆ ಕಿಟ್ಟ ಕೂರುತ್ತೆ. ಜೊತೆಗೆ ಇದಕ್ಕೆ ಧ್ರುವ ಉಲ್ಟಾ ಇರಬೇಕು: ಗ್ಯಾಸ್ ತಂತಿಗೆ ಟಾರ್ಚ್ ಪಾಸಿಟಿವ್, ಫ್ಲಕ್ಸ್ ತಂತಿಗೆ ಸಾಮಾನ್ಯವಾಗಿ ಟಾರ್ಚ್ ನೆಗೆಟಿವ್. ಇದು ಗೊತ್ತಿಲ್ಲದೆ "ಮೆಷಿನ್ ಸರಿ ಇಲ್ಲ" ಅಂತ ವಾಪಸ್ ಕಳಿಸಿದವರು ಎಷ್ಟೋ ಜನ ಇರಬೇಕು.

ನನ್ನ ತೀರ್ಮಾನ: ಕಾರಿಗಾಗಿ ಮೊದಲ ಮೆಷಿನ್ ಅಂದ್ರೆ ಗ್ಯಾಸ್ ಹಾಕುವ ಸಣ್ಣ ಮಿಗ್. ಈಗ ಬರುವ ಸಣ್ಣ ಮೆಷಿನ್‌ಗಳಲ್ಲಿ ಹೆಚ್ಚಿನವು ಮೂರು ಕೆಲಸ ಮಾಡ್ತವೆ: ಗ್ಯಾಸ್ ತಂತಿ, ಫ್ಲಕ್ಸ್ ತಂತಿ, ರಾಡ್. ಅದು ಸಿಕ್ಕಿದ್ರೆ ಒಳ್ಳೇದೇ, ನಾಳೆ ಗೇಟಿಗೂ ಆಗುತ್ತೆ.

ಮೆಷಿನ್ ನೋಡುವಾಗ ಕೇಳಬೇಕಾದ ಪ್ರಶ್ನೆಗಳು

ಒಂದು, ಕನಿಷ್ಠ ಆಂಪ್. ಮಿಗ್ ಮೋಡಿನಲ್ಲಿ 30, ಹೋಗಲಿ 40ಕ್ಕೆ ಇಳಿಯಬೇಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದು ಗರಿಷ್ಠ ಆಂಪ್. ಕನಿಷ್ಠ ಆಂಪ್ ಹಿಂಬದಿಯ ಪ್ಲೇಟಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಅದರ ಫೋಟೋ ಕೇಳಿ ತರಿಸಿಕೊಳ್ಳಿ.

ಎರಡು, ವೋಲ್ಟೇಜ್ ಮತ್ತು ತಂತಿಯ ವೇಗ ಬೇರೆ ಬೇರೆ ಹೊಂದಿಸೋಕೆ ಆಗುತ್ತಾ? "ಸಿನರ್ಜಿಕ್" ಮೆಷಿನ್‌ಗಳು ತಂತಿಯ ಅಳತೆ ಹೇಳಿದ್ರೆ ಎರಡನ್ನೂ ತಾವೇ ಹೊಂದಿಸ್ತವೆ. ಕಲಿಯೋಕೆ ಅನುಕೂಲ, ಆದ್ರೆ ಸ್ವಲ್ಪ ಹೆಚ್ಚು ಕಡಿಮೆ ಮಾಡೋಕೆ ಗುಂಡಿ ಇರಲೇಬೇಕು.

ಮೂರು, ತಂತಿ ತಳ್ಳುವ ಭಾಗ. ಬಾಗಿಲು ತೆಗೆದು ನೋಡಿ. ಲೋಹದ ಚೌಕಟ್ಟಾ, ಪ್ಲಾಸ್ಟಿಕ್ಕಾ? ರೋಲರ್‌ನಲ್ಲಿ ನಿಮ್ಮ ತಂತಿಯ ಅಳತೆಯ ಗೀರು ಇದೆಯಾ? ಇಡೀ ಮೆಷಿನ್ನಿನಲ್ಲಿ ಹೆಚ್ಚು ತಲೆನೋವು ಕೊಡೋದು ಇದೇ ಭಾಗ. ತಂತಿ ಒಂದೇ ಸಮನೆ ಬರದಿದ್ರೆ ಯಾವ ಎಲೆಕ್ಟ್ರಾನಿಕ್ಸೂ ನಿಮ್ಮನ್ನ ಕಾಪಾಡಲ್ಲ.

ನಾಲ್ಕು, ಟಾರ್ಚ್ ಬಿಚ್ಚೋಕೆ ಬರುತ್ತಾ? ತೀರಾ ಅಗ್ಗದ ಮೆಷಿನ್‌ಗಳಲ್ಲಿ ಟಾರ್ಚ್ ಒಳಗೇ ಕೂಡಿರುತ್ತೆ, ಅದು ಕೆಟ್ಟರೆ ಇಡೀ ಮೆಷಿನ್ ಬಿಚ್ಚಬೇಕು. "ಯೂರೋ ಕನೆಕ್ಟರ್" ಇದ್ರೆ ಯಾವ ಅಂಗಡಿಯ ಟಾರ್ಚೂ ಕೂರುತ್ತೆ.

ಐದು, ಧ್ರುವ ಬದಲಿಸೋ ವ್ಯವಸ್ಥೆ. ಮೇಲೆ ಹೇಳಿದೆನಲ್ಲ, ಅದಕ್ಕೇ.

ಆರು, ಡ್ಯೂಟಿ ಸೈಕಲ್. 60% ಅಂದ್ರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಒಳ್ಳೆ ಕಂಪನಿಗಳು ಇದನ್ನ 40 ಡಿಗ್ರಿ ಶಾಖದಲ್ಲಿ ಅಳೆದು ಹೇಳ್ತವೆ. ತಗಡಿನ ಕೆಲಸದಲ್ಲಿ ನಾವು ಒಂದು ಸೆಕೆಂಡ್ ಉರಿಸಿ ಇಪ್ಪತ್ತು ಸೆಕೆಂಡ್ ಕಾಯ್ತೀವಿ. ಹಾಗಾಗಿ ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಏಳು, ಕೆಟ್ಟಾಗ ಯಾರು ನೋಡ್ತಾರೆ? ಕಂಪನಿ ಹೆಸರು ಶಿಫಾರಸು ಮಾಡಲ್ಲ. ಆದ್ರೆ ನಾಶಿಕ್‌ನ ಸಾತಪುರ, ಅಂಬಡ್ ಕೈಗಾರಿಕಾ ಪ್ರದೇಶಗಳಂಥ ಕಡೆ ಅಂಗಡಿಯಲ್ಲಿ ಟಿಪ್, ನಾಝಲ್, ರೋಲರ್ ಸಿಗುವ ಮೆಷಿನ್ ತಗೊಳ್ಳಿ. ನೀವು ಪೀಣ್ಯದಲ್ಲಿದ್ರೂ ಇದೇ ಮಾತು, ಭೋಸರಿಯಲ್ಲಿದ್ರೂ ಇದೇ.

ಮನೆಯ ಕರೆಂಟ್ ತಡೆಯುತ್ತಾ?

ಮೊದಲ ಮೆಷಿನ್ ನನಗೆ ಕಲಿಸಿದ ಇನ್ನೊಂದು ಪಾಠ ಇದು. ಬೆಳಗಿನ ಸ್ಟ್ಯಾಂಡ್‌ಅಪ್‌ಗೆ ಮುಂಚೆ ಐದು ನಿಮಿಷ ಅಂತ ಶುರು ಮಾಡಿದೆ, ಎಂಸಿಬಿ ಬಿತ್ತು, ರೌಟರ್ ಹೋಯ್ತು, ಮ್ಯಾನೇಜರ್ ಫೋನ್ ಬಂತು.

ಲೆಕ್ಕ ಹೀಗಿದೆ. ಮಿಗ್‌ನಲ್ಲಿ 80 ಆಂಪ್‌ಗೆ ಆರ್ಕ್ ವೋಲ್ಟೇಜ್ ಸುಮಾರು 18. ಗುಣಿಸಿದ್ರೆ 1,440 ವ್ಯಾಟ್. ಮೆಷಿನ್ನಿನ ದಕ್ಷತೆ 80% ಅಂತ ಹಿಡಿದ್ರೆ ಒಳಗೆ ಹೋಗೋದು 1,800 ವ್ಯಾಟ್. ಅಗ್ಗದ ಇನ್ವರ್ಟರ್‌ಗಳ ಪವರ್ ಫ್ಯಾಕ್ಟರ್ 0.7 ಆಸುಪಾಸು, ಹಾಗಾಗಿ ಸುಮಾರು 2,570 ವೋಲ್ಟ್-ಆಂಪ್. ಅದನ್ನ 230 ವೋಲ್ಟ್‌ನಿಂದ ಭಾಗಿಸಿದ್ರೆ 11 ಆಂಪ್. ಗೀಸರ್ ಹಾಕುವ 16 ಆಂಪ್ ಸಾಕೆಟ್ ಇದನ್ನ ತಡೆಯುತ್ತೆ. ಅದೇ ಲೆಕ್ಕ 200 ಆಂಪ್‌ಗೆ, 24 ವೋಲ್ಟ್‌ನಲ್ಲಿ ಮಾಡಿದ್ರೆ 37 ಆಂಪ್ ಬರುತ್ತೆ. ಅಂದ್ರೆ 200 ಆಂಪ್ ಮೆಷಿನ್ ತಗೊಂಡ್ರೂ ಮನೆಯ ಪ್ಲಗ್‌ನಲ್ಲಿ ಅದನ್ನ ಪೂರ್ತಿ ಬಳಸೋಕೆ ಆಗೋದೇ ಇಲ್ಲ. ಕಾರಿಗೆ ಬೇಕಾದ 30–80 ಆಂಪ್ ಮಾತ್ರ ಆರಾಮಾಗಿ ಸಿಗುತ್ತೆ. ಎಷ್ಟು ಅನುಕೂಲ ನೋಡಿ.

ಎರಡು ಎಚ್ಚರಿಕೆ. ಮನೆಗೆ ಬ್ಯಾಟರಿ ಇನ್ವರ್ಟರ್ ಇದ್ರೆ ಆ ಲೈನಿನ ಸಾಕೆಟ್‌ಗೆ ವೆಲ್ಡಿಂಗ್ ಮೆಷಿನ್ ಹಾಕಲೇಬೇಡಿ. ಮತ್ತೆ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ನಾನು ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡ್‌ನಿಂದ ಶೆಡ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್, ಬೇರೆ ಎಂಸಿಬಿ, ಒಳ್ಳೆ ಅರ್ಥಿಂಗ್ ಹಾಕಿಸಿದೆ. ಮನೆ ಬಾಡಿಗೆದಾದ್ರೆ ಮಾಲೀಕರನ್ನ ಕೇಳಿಯೇ ಮಾಡಿಸಿ. ಅಮೆರಿಕದಲ್ಲಿ ಕೂತು ಓದ್ತಿರೋರಿಗೆ: ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ನಮ್ಮ ಕರಾವಳಿ ಗಾಳಿಯ ಕೆಲಸವನ್ನೇ ಮಾಡುತ್ತೆ. ನಿಮ್ಮ 120 ವೋಲ್ಟ್ ಸಾಕೆಟ್‌ನಲ್ಲೂ ಸಣ್ಣ ಮಿಗ್ ಕಾರಿನ ತಗಡಿಗೆ ಸಾಕಾಗುತ್ತೆ.

ಗ್ಯಾಸ್ ಯಾವುದು, ಖರ್ಚು ಎಷ್ಟು?

ಬರೀ ಸಿಒ2 ಅಗ್ಗ, ಎಲ್ಲೆಡೆ ಸಿಗುತ್ತೆ. ಆದ್ರೆ ಬೆಸುಗೆ ಆಳಕ್ಕೆ ಇಳಿಯುತ್ತೆ, ಕಿಡಿ ಹಾರುತ್ತೆ. ಆರ್ಗಾನ್ 80%, ಸಿಒ2 20% ಬೆರೆಸಿದ ಗ್ಯಾಸ್ ತೆಳು ತಗಡಿಗೆ ಮೃದು. ನಾನು ಮಿಶ್ರ ಗ್ಯಾಸ್ ಸಣ್ಣ ಸಿಲಿಂಡರ್ ತಂದೆ. ನಿಮಿಷಕ್ಕೆ 8ರಿಂದ 12 ಲೀಟರ್ ಹರಿವು ಸಾಕು. ಕೆಲಸ ಮಾಡುವಾಗ ಫ್ಯಾನ್ ಆಫ್ ಮಾಡಿ. ಗಾಳಿ ಬೀಸಿದ್ರೆ ಗ್ಯಾಸ್ ಹಾರಿಹೋಗಿ ಬೆಸುಗೆ ಸೆಟ್ ದೋಸೆ ಹಾಗೆ ತೂತು ತೂತಾಗುತ್ತೆ. ಸಿಲಿಂಡರನ್ನ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ, ಮಕ್ಕಳ ಕೈಗೆ ಸಿಗದ ಹಾಗೆ.

ಖರ್ಚಿನ ವಿಷಯದಲ್ಲಿ ಒಂದೇ ಮಾತು. ನಿಮ್ಮ ಬಜೆಟ್‌ನ ಅರ್ಧ ಮಾತ್ರ ಮೆಷಿನ್‌ಗೆ ಇಡಿ. ಉಳಿದ ಅರ್ಧ ಸಿಲಿಂಡರ್, ರೆಗ್ಯುಲೇಟರ್, ಹೆಲ್ಮೆಟ್, ಗ್ರೈಂಡರ್, ಡಿಸ್ಕ್, ಕ್ಲಾಂಪ್, ಚರ್ಮದ ಕೈಗವಸು, ಪ್ರೈಮರ್ ಇವಕ್ಕೇ ಹೋಗುತ್ತೆ. ನಿಜ ಹೇಳ್ಬೇಕಂದ್ರೆ ವೆಲ್ಡಿಂಗ್ ಹತ್ತು ನಿಮಿಷ, ಗ್ರೈಂಡಿಂಗ್ ಎರಡು ಗಂಟೆ. ಇನ್ನೊಂದು ಮಾತು: ಒಂದೇ ಒಂದು ತೂತು ಮುಚ್ಚಬೇಕು, ಮತ್ತೆ ಈ ಕೆಲಸ ಬೇಡ ಅನ್ನೋರು ಮೆಷಿನ್ನೇ ತಗೋಬೇಡಿ. ಸಿಒ2 ಇರುವ ಬಾಡಿ ಶಾಪ್‌ಗೆ ಕೊಡೋದು ಅಗ್ಗ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಂತೂ ಈ ಕೆಲಸ ಬೇಡವೇ ಬೇಡ.

ಕಲಿಯೋಕೆ ತಗಡು ಎಲ್ಲಿ? ಹಳೆ ಕಂಪ್ಯೂಟರಿನಲ್ಲಿ

ಐಟಿಯವರ ಮನೆಯಲ್ಲಿ ಅಟ್ಟದ ಮೇಲೆ ಒಂದು ಹಳೆ ಡೆಸ್ಕ್‌ಟಾಪ್ ಕ್ಯಾಬಿನೆಟ್ ಇದ್ದೇ ಇರುತ್ತೆ. ಅದರ ತಗಡು ಹೆಚ್ಚು ಕಡಿಮೆ ಕಾರಿನ ತಗಡಿನಷ್ಟೇ ತೆಳು. ಕತ್ತರಿಸಿ ಅದರ ಮೇಲೆ ಕಲೀರಿ. ಒಂದು ಎಚ್ಚರ: ಆ ತಗಡಿಗೆ ಸಾಮಾನ್ಯವಾಗಿ ಸತುವಿನ ಲೇಪ ಇರುತ್ತೆ. ಬೆಸುಗೆ ಹಾಕುವ ಜಾಗದ ಸುತ್ತ ಅದನ್ನ ಪೂರ್ತಿ ಉಜ್ಜಿ ತೆಗೀರಿ. ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ.

ಕಾರ್ಖಾನೆಯಲ್ಲಿ ಕಾರಿನ ತಗಡುಗಳನ್ನ ಹೆಚ್ಚಾಗಿ ಸ್ಪಾಟ್ ವೆಲ್ಡ್ ಮಾಡಿರ್ತಾರೆ, ಎರಡು ತಾಮ್ರದ ಮೂತಿಗಳ ನಡುವೆ ಒತ್ತಿ ಕರೆಂಟ್ ಹರಿಸಿ. ಮನೆಯಲ್ಲಿ ಅದರ ಬದಲಿಗೆ ಪ್ಲಗ್ ವೆಲ್ಡ್: ಮೇಲಿನ ತಗಡಿಗೆ 6–8 ಮಿ.ಮೀ. ತೂತು ಕೊರೆದು, ಕೆಳಗಿನ ತಗಡಿಗೆ ಒತ್ತಿ ಹಿಡಿದು, ತೂತಿನೊಳಗಿಂದ ಕೆಳಗಿನ ತಗಡಿನ ಮೇಲೆ ಶುರು ಮಾಡಿ ತುಂಬೋದು. ಆಮೇಲೆ ಎರಡು ತಗಡನ್ನ ಉಳಿ ಹಾಕಿ ಕಿತ್ತು ನೋಡಿ. ಬೆಸುಗೆ ಬಟನ್ ಹಾಗೆ ಒಂದು ತಗಡಿನ ತುಂಡನ್ನ ಕಿತ್ತುಕೊಂಡು ಬಂದ್ರೆ ಪಾಸ್. ಸ್ಟಿಕ್ಕರ್ ಹಾಗೆ ಸಲೀಸಾಗಿ ಎದ್ದು ಬಂದ್ರೆ ಫೇಲ್. ಇದು ನಮ್ಮ ಯುನಿಟ್ ಟೆಸ್ಟ್. ಹತ್ತರಲ್ಲಿ ಹತ್ತೂ ಪಾಸಾಗೋವರೆಗೆ ಕಾರ್ ಹತ್ತಿರ ಹೋಗಬೇಡಿ.

ಅಂಚು ಸೇರಿಸುವಾಗ ಉದ್ದಕ್ಕೆ ಎಳೀಬೇಡಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಆ ತುದಿಯಲ್ಲಿ, ಮೂರನೇದು ನಡುವೆ. ಕೈಯಿಟ್ಟರೆ ಸುಡದಷ್ಟು ತಣಿದ ಮೇಲೆ ಮುಂದಿನದು. ನಮ್ಮ ಭಾವೂಗೆ ಮಿಗ್ ತೋರಿಸಿದಾಗ ಎರಡೇ ನಿಮಿಷದಲ್ಲಿ ನನಗಿಂತ ಚೆನ್ನಾಗಿ ಮಾಡಿ, ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ ಅಂತ ಹೇಳಿಕೊಟ್ಟರು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಬಿಟ್ಟು ಬಿಟ್ಟು ಚಟಪಟ ಅಂದ್ರೆ ತಪ್ಪು. ಬಾಣಲೆಯಲ್ಲಿ ಬಜ್ಜಿ ಬೇಯುವಾಗಿನ ಹಾಗೆ ಒಂದೇ ಸಮನೆ ಚರ್ರ್ ಅಂದ್ರೆ ಸರಿ.

ಬೆಂಕಿ, ಕಣ್ಣು, ಹೊಗೆ

ಕಾರ್ಪೆಟ್, ಸೀಟು, ಫೋಮ್, ಅಡಿಯ ಡಾಂಬರು ಪೂರ್ತಿ ಹೊರಗೆ. ಮಡಚಿ ಸರಿಸೋದಲ್ಲ. ಬೆಸುಗೆಯ ಇನ್ನೊಂದು ಬದಿಯಲ್ಲಿ ಏನಿದೆ ಅಂತ ಬಗ್ಗಿ ನೋಡಿ: ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್. ಪೆಟ್ರೋಲ್ ಟ್ಯಾಂಕ್ ಹತ್ತಿರದ ಕೆಲಸ ಮನೆಯದ್ದಲ್ಲ, ಸಿಎನ್‌ಜಿ ಕಿಟ್ ಇರುವ ಗಾಡಿಯಂತೂ ಬೇಡವೇ ಬೇಡ. ಬ್ಯಾಟರಿ ವೈರ್ ಬಿಚ್ಚಿ, ಮೊದಲು ನೆಗೆಟಿವ್. ಅರ್ಥ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ, ಉಜ್ಜಿ ಹೊಳೆಯುವ ಲೋಹದ ಮೇಲೆ ಹಾಕಿ. ಬೆಂಕಿ ಆರಿಸುವ ಸಿಲಿಂಡರ್, ಬಕೆಟ್ ನೀರು, ಮತ್ತೆ ಹೆಲ್ಮೆಟ್ ಹಾಕಿರದ ಇನ್ನೊಬ್ಬ ಮನುಷ್ಯ ಹತ್ತಿರ ಇರಬೇಕು. ಆ ಮನುಷ್ಯ ಬೆಳಕನ್ನ ನೋಡಬಾರದು, ಸುತ್ತಮುತ್ತ ನೋಡ್ತಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆಯಾದ್ರೂ ಅಲ್ಲೇ ಇರಿ. ಕಿಡಿ ಒಳಗೆ ಕೂತು ನಿಧಾನಕ್ಕೆ ಹೊತ್ತಿಕೊಳ್ಳುತ್ತೆ.

ತಾನೇ ಕಪ್ಪಾಗುವ ಆಟೋ ಹೆಲ್ಮೆಟ್‌ಗೆ ಜಿಪುಣತನ ಮಾಡಬೇಡಿ. ಬೆಳಕು ಕಣ್ಣಿಗೆ ಹೊಡೆದದ್ದು ಆಗ ಗೊತ್ತಾಗಲ್ಲ. ಕೆಲವು ಗಂಟೆ ಬಿಟ್ಟು, ಮಧ್ಯರಾತ್ರಿ, ಕಣ್ಣಿಗೆ ಮರಳು ಎರಚಿದ ಹಾಗೆ ಎಬ್ಬಿಸುತ್ತೆ. ದಪ್ಪ ಹತ್ತಿ ಬಟ್ಟೆ ಹಾಕಿ, ಕಂಪನಿ ಕೊಟ್ಟ ಪಾಲಿಯೆಸ್ಟರ್ ಟೀ ಶರ್ಟ್ ಬೇಡ, ಅದು ಕರಗಿ ಮೈಗೆ ಅಂಟುತ್ತೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತಗಡು ಒರೆಸಿ ವೆಲ್ಡ್ ಮಾಡಬೇಡಿ. ಆರ್ಕಿನ ಶಾಖ, ಬೆಳಕಿಗೆ ಅದು ಫಾಸ್ಜೀನ್ ಎಂಬ ವಿಷಾನಿಲ ಆಗಬಲ್ಲದು, ಮೊದಲ ಮಹಾಯುದ್ಧದಲ್ಲಿ ಬಳಸಿದ ಅನಿಲವೇ ಅದು.

ಎಲ್ಲಿಗೆ ನಿಲ್ಲಿಸಬೇಕು

ಕೊನೆಗೆ ಮುಖ್ಯ ಮಾತು. ನನ್ನ ಗಾಡಿಯ ತುಕ್ಕು ಸೀಟ್ ಬೆಲ್ಟಿನ ಬೋಲ್ಟ್ ಕೂರುವ ಜಾಗದವರೆಗೂ ಹೋಗಿತ್ತು. ಅಷ್ಟೊತ್ತಿಗೆ ನೆಲದ ಎರಡು ತೇಪೆ ಚೆನ್ನಾಗಿ ಬಂದಿದ್ವು, ಕೈ ತುರಿಸ್ತಾ ಇತ್ತು. ಇನ್ನೊಂದು ಗೇಣು ತಾನೇ ಅನಿಸ್ತು. ಆ ಬೆಲ್ಟ್ ಹಿಡಿಯಬೇಕಾದ್ದು ಯಾರನ್ನ ಅಂತ ಯೋಚನೆ ಮಾಡಿದೆ. ಮೆಷಿನ್ ಆಫ್ ಮಾಡಿದೆ.

ನೆಲದ ತೇಪೆಯಲ್ಲಿ ನಾನು ತಪ್ಪಿದ್ರೆ ಮಳೆನೀರು ಒಳಗೆ ಬರುತ್ತೆ. ಬೆಲ್ಟಿನ ಬುಡದಲ್ಲಿ ತಪ್ಪಿದ್ರೆ ಅದು ಗೊತ್ತಾಗೋದು ಅಪಘಾತದ ದಿನ. ಬೆಲ್ಟ್, ಸೀಟ್, ಸಸ್ಪೆನ್ಷನ್ ಕೂರುವ ಜಾಗ, ಸ್ಟೀರಿಂಗ್, ಅಡಿಯ ಉದ್ದನೆ ಚೌಕಟ್ಟು, ಇವು ಹವ್ಯಾಸದ ಜಾಗ ಅಲ್ಲ. ಹೊಸ ಕಾರ್ ಇರೋರಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಈಗಿನ ಗಾಡಿಗಳ ಕಂಬಗಳಲ್ಲಿ, ಬಾಗಿಲ ಕೆಳಗಿನ ದೂಲದಲ್ಲಿ ಅತಿ ಗಟ್ಟಿ ಉಕ್ಕು ಬಳಸಿರ್ತಾರೆ. ವೆಲ್ಡಿಂಗ್ ಶಾಖ ತಾಗಿದ ಕೂಡಲೇ ಅದರ ಗಟ್ಟಿತನ ಹೋಗುತ್ತೆ, ಹೊರಗೆ ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೇ ಇರುತ್ತೆ. ಏರ್‌ಬ್ಯಾಗ್ ಬೇರೆ ಇರುತ್ತೆ. ಅಂಥ ಗಾಡಿಗೆ ಕಂಪನಿಯ ರಿಪೇರಿ ವಿಧಾನ ಗೊತ್ತಿರುವ ಬಾಡಿ ಶಾಪೇ ಸರಿ.

ಹಾಗಾಗಿ ಆ ಒಂದು ಗೇಣನ್ನ ನಾಶಿಕ್‌ನ ಒಂದು ಬಾಡಿ ಶಾಪ್‌ನಲ್ಲಿ ಮಾಡಿಸಿದೆ. ತುಕ್ಕು ತಿಂದ ತಗಡು ಪೂರ್ತಿ ಕತ್ತರಿಸಿ, ಒಳ್ಳೆ ಲೋಹ ಸಿಗುವವರೆಗೆ ಹೋಗಿ, ಹೊಸದು ಕೂರಿಸಿದ್ರು. ನನ್ನ ತೇಪೆಗಳನ್ನ ಅವರ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ನೋಡಿ ತಲೆ ಅಲ್ಲಾಡಿಸಿದ್ರು. ನಮ್ಮ ಕಂಪನಿಯ ಯಾವ ಅಪ್ರೈಸಲ್‌ಗೂ ನನಗೆ ಅಷ್ಟು ಖುಷಿ ಆಗಿಲ್ಲ. ಆಮೇಲೆ ಸತುವಿನ ಪ್ರೈಮರ್, ಸಂದಿಗೆ ಸೀಲರ್, ಟೊಳ್ಳು ಜಾಗಕ್ಕೆ ಮೇಣ. ಇದಿಷ್ಟು ಮಾಡದಿದ್ರೆ ಕುಂದಾಪುರದ ಒಂದು ಮಳೆಗಾಲ ಸಾಕು, ಮತ್ತೆ ಮೊದಲಿಂದ ಶುರು.

ಮೊದಲ 200 ಆಂಪ್ ಮೆಷಿನ್ ಏನಾಯ್ತು ಅಂತ ಕೇಳ್ತೀರಿ. ಈಗ ಅದು ಭಾವೂ ಅಂಗಡಿಯಲ್ಲಿದೆ, ದ್ರಾಕ್ಷಿ ಚಪ್ಪರದ ಆಂಗಲ್ ಜೋಡಿಸ್ತಾ ಇದೆ. ಅದು ಕೆಟ್ಟ ಮೆಷಿನ್ ಆಗಿರಲಿಲ್ಲ, ನನ್ನ ಕೆಲಸದ್ದಾಗಿರಲಿಲ್ಲ ಅಷ್ಟೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಗಾಡಿಯ ನೆಲ ತೋರಿಸಿದೆ. ತುಂಬಾ ಹೊತ್ತು ನೋಡಿದ್ರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. "ಬೆಲ್ಟ್ ಗಟ್ಟಿ ಇತ್ತಾ?" ಅಂತ ಮಾತ್ರ ಕೇಳಿದ್ರು. ಗಟ್ಟಿ ಇದೆ ಅಪ್ಪ ಅಂದೆ.

ಮುಂದಿನ ಸಲ ಗ್ರೈಂಡರ್ ಡಿಸ್ಕ್‌ಗಳ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ಕಣ್ಣು ಜೋಪಾನ, ಕೈ ಜೋಪಾನ. ನಮಸ್ಕಾರ.